ಕಡಜ ಕುಟುಕಿದ ಮೊದಲ ಅರ್ಧ ಗಂಟೆ

ತೋಟಕ್ಕೆ ಹೊರಟ ಮಕ್ಕಳಿಗೆ ಮಲೆನಾಡಿನ ಮನೆಗಳಲ್ಲಿ ಹಿರಿಯರು ಎರಡು ಮಾತು ಹೇಳಿಯೇ ಕಳಿಸುತ್ತಾರೆ: ಕಾಲ ಬುಡದಲ್ಲಿ ಹಾವಿದೆಯೇ ನೋಡಿಕೋ, ತಲೆಯ ಮೇಲೆ ಕಡಜದ ಗೂಡಿದೆಯೇ ನೋಡಿಕೋ. ಹಾವು ಕಚ್ಚಿದರೆ ಕೇರಿಗೆ ಕೇರಿಯೇ ಓಡಿಬರುತ್ತದೆ. ಕಡಜ ಕುಟುಕಿದರೆ ಮಾತ್ರ ‘ಸುಣ್ಣ ಹಚ್ಚು, ಸರಿಹೋಗುತ್ತೆ’ ಎಂದು ಸುಮ್ಮನಾಗುತ್ತೇವೆ. ಹೆಚ್ಚಿನ ಸಲ ಸರಿಹೋಗುವುದೂ ನಿಜ. ಸರಿಹೋಗದ ಆ ಒಂದು ಸಲವನ್ನು ಗುರುತಿಸುವುದು ಹೇಗೆ? ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ನಾನು ಇವತ್ತು ಹೇಳಬೇಕೆಂದಿರುವುದು ಅಷ್ಟನ್ನೇ.

ಕುಟುಕುವವರು ಯಾರು?

ಮಕ್ಕಳೇ, ‘ಕಡಜ ಕಚ್ಚಿತು’ ಎನ್ನುತ್ತೇವಲ್ಲ, ನಿಜವಾಗಿ ಅದು ಕಚ್ಚುವುದಲ್ಲ. ಹೊಟ್ಟೆಯ ತುದಿಯಲ್ಲಿರುವ ಮುಳ್ಳಿನಿಂದ ಚುಚ್ಚುವುದು. ಮೊಟ್ಟೆ ಇಡುವ ನಳಿಗೆಯೇ ಆ ಮುಳ್ಳಾಗಿ ಮಾರ್ಪಟ್ಟಿದೆ. ಆದ್ದರಿಂದ ಕುಟುಕುವುದು ಹೆಣ್ಣುಹುಳ ಮಾತ್ರ. ಜೇನುಹುಳದ ಮುಳ್ಳಿಗೆ ಗರಗಸದಂಥ ಹಲ್ಲುಗಳಿವೆ. ಅದು ನಮ್ಮ ಚರ್ಮಕ್ಕೆ ಸಿಕ್ಕಿಕೊಂಡು ವಿಷದ ಚೀಲದ ಸಮೇತ ಕಿತ್ತುಬರುತ್ತದೆ, ಹುಳ ಸಾಯುತ್ತದೆ. ಕಣಜ, ಕಡಜಗಳ ಮುಳ್ಳು ನುಣುಪಾದದ್ದು. ಒಂದೇ ಹುಳ ಮತ್ತೆ ಮತ್ತೆ ಕುಟುಕಬಲ್ಲದು.

ಕಣಜ, ಕಡಜ ಎಂಬ ಹೆಸರುಗಳು ಊರಿಂದೂರಿಗೆ ಅದಲುಬದಲಾಗುತ್ತವೆ. ಇಲ್ಲಿ ನಾನು ಕಣಜ ಎನ್ನುವುದು ಸೂರಿನಡಿ ಮುಚ್ಚಳವಿಲ್ಲದ ಚಿಕ್ಕ ಗೂಡು ಕಟ್ಟುವ ಸಣ್ಣ ಹುಳಕ್ಕೆ. ಕಡಜ ಎಂದರೆ ದೊಡ್ಡದು. ಮರದ ನಾರನ್ನು ಅಗಿದು, ಕಾಗದದಂಥ ಹೊದಿಕೆಯ ಗೂಡು ಕಟ್ಟುತ್ತದೆ. ಕಪ್ಪು ಮೈಗೆ ಕಿತ್ತಳೆ ಪಟ್ಟಿ ಸುತ್ತಿಕೊಂಡ ಕಡಜವನ್ನು ನೀವೂ ನೋಡಿರಬಹುದು. ಗೋಡೆಗೆ ಮಣ್ಣಿನ ಮನೆ ಮೆತ್ತುವ ಕುಂಬಾರ ಹುಳ ಒಂಟಿ ಜೀವಿ, ಕುಟುಕುವುದು ಅಪರೂಪ.

ಇವೆಲ್ಲ ನಮ್ಮ ವೈರಿಗಳಲ್ಲ. ಗಿಡ ತಿನ್ನುವ ಹುಳುಗಳನ್ನು ಹಿಡಿದೊಯ್ದು ಮರಿಗಳಿಗೆ ಉಣಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದು ಇಂಥದೇ ಒಂದು ಕಣಜವನ್ನು. ಅದರ ರಾಣಿ ಬಲು ಸಾಧು. ರಾಣಿಯನ್ನು ತೆಗೆದರೆ ಕೆಲಸಗಾರ ಹುಳಗಳಲ್ಲೇ ಒಂದು ಜೋರು ಮಾಡಿ ಮುಂದಿನ ರಾಣಿಯಾಗುತ್ತದಂತೆ!

ಗೂಡಿನ ತಂಟೆಗೆ ಹೋದರೆ ಮಾತ್ರ ಕಥೆ ಬೇರೆ. ಕಡಜದ ವಿಷದ ವಾಸನೆಯೇ ಉಳಿದವುಗಳಿಗೆ ಕರೆಗಂಟೆ. ಗೂಡಿನ ಹತ್ತಿರ ಒಂದನ್ನು ಹೊಸಕಿದರೆ ಹತ್ತು ಬರುತ್ತವೆ. ಒಂದೇ ಹುಳ ಸುತ್ತುತ್ತಿದ್ದರೆ ಕೈ ಬೀಸದೆ ಮೆಲ್ಲಗೆ ಸರಿಯಿರಿ. ಗುಂಪೇ ಎದ್ದರೆ ಮುಖ ಮುಚ್ಚಿಕೊಂಡು ಓಡಿ, ಮನೆಯೊಳಗೋ ವಾಹನದೊಳಗೋ ಸೇರಿ ಬಾಗಿಲು ಹಾಕಿಕೊಳ್ಳಿ.

ಸಾಮಾನ್ಯ ಕುಟುಕು

ಉರಿ, ಕೆಂಪು, ಬಾವು, ತುರಿಕೆ ಎಲ್ಲರಿಗೂ ಬರುವಂಥವು. ಕೆಲವರಿಗೆ ಎರಡು ದಿನ ಬಾವು ಏರುತ್ತಲೇ ಹೋಗಿ, ಇಳಿಯಲು ವಾರ ಹಿಡಿಯುತ್ತದೆ. ಜೇನಿನ ಮುಳ್ಳು ಉಳಿದಿದ್ದರೆ ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ಚಿಮಟ ಹುಡುಕುತ್ತಾ ಕೂತರೆ ಅಷ್ಟು ಹೊತ್ತೂ ವಿಷ ಒಳಗಿಳಿಯುತ್ತದೆ. ಸೋಪು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಕೈಗೆ ಕುಟುಕಿದ್ದರೆ ಬಾವು ಬರುವ ಮೊದಲೇ ಉಂಗುರ, ಬಳೆ ತೆಗೆಯಿರಿ.

ಅಜ್ಜಿಯರೇ, ಸುಣ್ಣದ ಬಗ್ಗೆ ಒಂದು ಮಾತು. ಎಳೆ ಮಕ್ಕಳ ಚರ್ಮವನ್ನು ಸುಣ್ಣ ಸುಡುತ್ತದೆ. ಕಣ್ಣಿನ ಹತ್ತಿರವಂತೂ ಬೇಡವೇ ಬೇಡ. ಕಬ್ಬಿಣ ಉಜ್ಜುವುದರಿಂದಲೂ ವಿಷ ಇಳಿಯುವುದಿಲ್ಲ.

ಬಾವಲ್ಲ, ಉಸಿರು ನೋಡಿ

ಈಗ ಮುಖ್ಯ ಮಾತಿಗೆ ಬರೋಣ. ಕುಟುಕಿದ ಜಾಗ ಎಷ್ಟು ಊದಿದೆ ಎಂಬುದಕ್ಕಿಂತ, ಕುಟುಕದ ಜಾಗದಲ್ಲಿ ಏನಾಗುತ್ತಿದೆ ಎಂಬುದೇ ಮುಖ್ಯ. ಕಾಲಿಗೆ ಕುಟುಕಿದೆ, ಆದರೆ ಮೈಯೆಲ್ಲ ದದ್ದು ಎದ್ದಿದೆ, ತುಟಿ ದಪ್ಪಗಾಗಿದೆ. ಧ್ವನಿ ಒಡೆದಿದೆ, ಉಸಿರಿಗೆ ಸೀಟಿಯಂಥ ಸದ್ದು. ವಾಂತಿ, ಹೊಟ್ಟೆ ಹಿಂಡುವ ನೋವು, ಕಣ್ಣುಕತ್ತಲೆ. ಇವು ಅಲರ್ಜಿಯ ಗುರುತುಗಳು. ಕಳ್ಳನನ್ನು ಹಿಡಿಯಬೇಕಾದ ಕಾವಲುಗಾರ ಗಾಬರಿಬಿದ್ದು ಮನೆಯ ಸಾಮಾನನ್ನೇ ಒಡೆದುಹಾಕಿದ ಹಾಗೆ, ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುತ್ತದೆ. ವೈದ್ಯರು ಇದನ್ನು ಅನಫಿಲ್ಯಾಕ್ಸಿಸ್ ಎನ್ನುತ್ತಾರೆ. ಇದರ ಸಂಶೋಧನೆಗಾಗಿ ಫ್ರಾನ್ಸಿನ ಶಾರ್ಲ್ ರಿಶೆ ಅವರಿಗೆ 1913ರಲ್ಲಿ ನೊಬೆಲ್ ಬಹುಮಾನ ಬಂತು.

ಹೆಚ್ಚಾಗಿ ಇದು ಶುರುವಾಗುವುದು ಮೊದಲ ಅರ್ಧ ಗಂಟೆಯೊಳಗೆ. ಆ ಹೊತ್ತಿನಲ್ಲಿ ಕುಟುಕಿಸಿಕೊಂಡವರನ್ನು ಒಂಟಿಯಾಗಿ ಬಿಡಬೇಡಿ. ‘ಹಿಂದೆಲ್ಲ ಕುಟುಕಿತ್ತು, ಏನೂ ಆಗಿರಲಿಲ್ಲ’ ಎಂಬ ಧೈರ್ಯವೂ ಬೇಡ. ಹಿಂದಿನ ಕುಟುಕಿನಿಂದಲೇ ದೇಹ ಈ ವಿಷದ ಗುರುತು ಇಟ್ಟುಕೊಂಡಿರುತ್ತದೆ.

ನಮ್ಮ ಕೇಂದ್ರಕ್ಕೆ ಒಂದು ಸಂಜೆ ಆರನೇ ತರಗತಿಯ ಹುಡುಗಿ ತನ್ನ ಅಜ್ಜನನ್ನು ಕರೆತಂದಿದ್ದಳು. ಬೇಲಿ ಸವರುವಾಗ ಒಂದೇ ಒಂದು ಕಡಜ ಕುತ್ತಿಗೆಗೆ ಕುಟುಕಿತ್ತು. ಅಜ್ಜ ‘ಇಷ್ಟಕ್ಕೆಲ್ಲ ಆಸ್ಪತ್ರೆಯಾ?’ ಎಂದು ಜಗಲಿಯಲ್ಲಿ ಕೂತಿದ್ದರಂತೆ. ‘ಅಜ್ಜ, ನಿನ್ನ ಧ್ವನಿ ಬೇರೆ ಥರ ಆಗಿದೆ’ ಎಂದವಳು ಹಟ ಹಿಡಿದು ಪಕ್ಕದ ಮನೆಯ ಜೀಪು ಹೊರಡಿಸಿದ್ದಳು. ಬಂದಾಗ ಅವರ ತುಟಿ ಊದಿತ್ತು, ನಾಡಿ ಕೈಗೆ ಸಿಗದಷ್ಟು ಕ್ಷೀಣ. ವೈದ್ಯರು ಹೇಳುತ್ತಿದ್ದಂತೆಯೇ ತೊಡೆಯ ಹೊರಬದಿಗೆ ಅಡ್ರಿನಲಿನ್ ಚುಚ್ಚಿದೆ. ಕೆಲವೇ ನಿಮಿಷದಲ್ಲಿ ಉಸಿರು ಸಲೀಸಾಯಿತು. ‘ಸಿಸ್ಟರ್, ಅಜ್ಜ ಈಗ ಮೊದಲಿನ ಥರ ಮಾತಾಡ್ತಿದಾನೆ’ ಎಂದು ಆಮೇಲೆ ಅವಳು ಅತ್ತಳು. ತೊಂದರೆ ಕೆಲ ಗಂಟೆಗಳ ನಂತರ ಮರುಕಳಿಸಬಹುದಾದ್ದರಿಂದ ಅಜ್ಜನನ್ನು ಆ ರಾತ್ರಿ ತಾಲ್ಲೂಕು ಆಸ್ಪತ್ರೆಯಲ್ಲೇ ಇರಿಸಿದರು.

ಈ ಕಾಯಿಲೆಗೆ ಮೊದಲ ಮದ್ದು ಅಡ್ರಿನಲಿನ್. ಅದು ಕುಸಿದ ರಕ್ತದೊತ್ತಡವನ್ನು ಏರಿಸುತ್ತದೆ, ಉಸಿರಿನ ದಾರಿ ತೆರೆಯುತ್ತದೆ. ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಉಸಿರು ಕಟ್ಟಿದಾಗ ಸಾಲದು. ಮಾತ್ರೆ ಕೊಟ್ಟು ಕಾಯುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹೊರಡಿ. ತಲೆ ಸುತ್ತುತ್ತಿದ್ದರೆ ಮಲಗಿಸಿ ಕಾಲು ಎತ್ತರಿಸಿ, ಉಸಿರಾಟಕ್ಕೆ ಕಷ್ಟವಾದರೆ ಕೂರಿಸಿ. ಎಬ್ಬಿಸಿ ನಡೆಸಬೇಡಿ.

ಅಲರ್ಜಿ ಇಲ್ಲದಿದ್ದರೂ ಎರಡು ಸಂದರ್ಭಗಳಲ್ಲಿ ಆಸ್ಪತ್ರೆಗೆ ಹೋಗಲೇಬೇಕು. ಬಾಯಿ, ಗಂಟಲೊಳಗೆ ಕುಟುಕಿದಾಗ ಬಾವಿನಿಂದಲೇ ಉಸಿರು ಕಟ್ಟಬಹುದು. ಹತ್ತಾರು ಕಡಜ ಕುಟುಕಿದಾಗ ಒಂದೆರಡು ದಿನ ಬಿಟ್ಟು ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ತಡಮಾಡಬೇಡಿ.

ಈ ಭಾನುವಾರದ ಕೆಲಸ

ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿ ನೋಟುಪುಸ್ತಕದ ಒಂದು ಹಾಳೆ ತುಂಬಿಸಿ. ರಾತ್ರಿಯೂ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದು? ವಾಹನ ಇರುವ ನೆರೆಮನೆಯವರ ಫೋನ್ ನಂಬರ್ ಎಷ್ಟು? ಅಜ್ಜ ನುಂಗುವ ಬಿಪಿ ಮಾತ್ರೆಯ ಹೆಸರೇನು? (ಕೆಲವು ಬಿಪಿ ಮಾತ್ರೆಗಳು ಅಡ್ರಿನಲಿನ್ ಕೆಲಸವನ್ನು ಕುಗ್ಗಿಸುತ್ತವೆ, ವೈದ್ಯರಿಗೆ ಅದು ಗೊತ್ತಿರಬೇಕು.) ಹಿಂದೆ ಯಾರಿಗಾದರೂ ಕುಟುಕಿದಾಗ ಮೈಯೆಲ್ಲ ದದ್ದು ಎದ್ದಿತ್ತೇ, ಉಸಿರು ಕಟ್ಟಿತ್ತೇ? ಹಾಗಿದ್ದರೆ ಅಲರ್ಜಿ ತಜ್ಞರನ್ನು ಒಮ್ಮೆ ಕಾಣಿ. ಅದೇ ವಿಷವನ್ನು ಹನಿಹನಿಯಾಗಿ ಕೊಟ್ಟು ದೇಹವನ್ನು ಪಳಗಿಸುವ ಚಿಕಿತ್ಸೆಯೂ ಉಂಟು.

ಹಾಳೆ ತುಂಬಿದ ಮೇಲೆ ಫೋನ್ ಇಡುವ ಜಾಗದ ಹತ್ತಿರ ಗೋಡೆಗೆ ಅಂಟಿಸಿ. ಮನೆಯ ಅತಿ ಚಿಕ್ಕ ಮಗುವಿನ ಕಣ್ಣಿಗೂ ಎಟುಕುವ ಎತ್ತರದಲ್ಲಿರಲಿ.