ಹಾರುಬೂದಿ ಇಟ್ಟಿಗೆಯಿಂದ ರೇಡಾನ್ ಬರುತ್ತಾ?

ವಿಟ್ಲದ ಕಡೆ ಮನೆ ಅಂದ್ರೆ ಕೆಂಪುಕಲ್ಲು. ಹಾರುಬೂದಿ ಇಟ್ಟಿಗೆ ಹಾಕಿಸೋಣ ಅಂದರೆ, “ಅದರಿಂದ ವಿಕಿರಣ ಬರುತ್ತಂತೆ, ಹೌದಾ?” ಅನ್ನೋ ಪ್ರಶ್ನೆ. ಬರುತ್ತೆ. ಕೆಂಪುಕಲ್ಲಿನಿಂದಲೂ ಬರುತ್ತೆ, ಮನೆಯಡಿಯ ಮಣ್ಣಿನಿಂದ ಸಾಮಾನ್ಯವಾಗಿ ಇನ್ನೂ ಹೆಚ್ಚು.

ಕಲ್ಲಿದ್ದಲಿನಲ್ಲಿ ತುಸು ರೇಡಿಯಂ ಇರುತ್ತೆ. ಉಡುಪಿ ಜಿಲ್ಲೆಯ ಎಲ್ಲೂರಿನಂಥ ಸ್ಥಾವರದಲ್ಲಿ ಉರಿಸಿದಾಗ ಇಂಗಾಲ ಹೋಗಿ ರೇಡಿಯಂ ಬೂದಿಯಲ್ಲಿ ಸಾಂದ್ರವಾಗುತ್ತದೆ. ಅದು ಕ್ಷಯಿಸಿದಾಗ ಹುಟ್ಟುವ ಅನಿಲವೇ ರೇಡಾನ್. ಬಣ್ಣ ಇಲ್ಲ, ವಾಸನೆ ಇಲ್ಲ, 3.8 ದಿನಕ್ಕೆ ಅರ್ಧವಾಗುತ್ತೆ. ಅನೇಕ ದೇಶಗಳಲ್ಲಿ ಧೂಮಪಾನ ಬಿಟ್ಟರೆ ಶ್ವಾಸಕೋಶದ ಕ್ಯಾನ್ಸರಿಗೆ ಮುಖ್ಯ ಕಾರಣ ಇದೇ.

ಆದರೆ ನೋಡಿ, ಕುಲುಮೆಯ ಬಿಸಿಗೆ ಬೂದಿಯ ಕಣಗಳು ಕರಗಿ ಗಾಜಿನ ಗುಂಡುಗಳಂತಾಗಿರುತ್ತವೆ. ಹುಟ್ಟಿದ ರೇಡಾನ್‌ನ ಬಹುಪಾಲು ಅದರೊಳಗೇ ಸಿಕ್ಕಿ ಕ್ಷಯಿಸಿಬಿಡುತ್ತೆ. ಹಾಗಾಗಿ ರೇಡಿಯಂ ಹೆಚ್ಚಿದೆ ಅಂದಮಾತ್ರಕ್ಕೆ ಹೊರಬರುವ ರೇಡಾನ್ ಅಷ್ಟೇ ಹೆಚ್ಚೋದಿಲ್ಲ. (ಗೊಬ್ಬರ ಕಾರ್ಖಾನೆಗಳ ಫಾಸ್ಫೋಜಿಪ್ಸಂ ಬೇರೆಯೇ ಕತೆ, ಅದನ್ನು ಮನೆಯೊಳಗೆ ಬಳಸೋಕೆ ನಾನಂತೂ ಹೇಳಲ್ಲ.)

ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಟ್ಟ ಘನ ಮೀಟರ್ ಗಾಳಿಗೆ 100 ಬೆಕ್ವೆರೆಲ್. ಹಳೆಯ ಹಂಚಿನ ಮನೆಗಳಲ್ಲಿ ಸಂದಿಯಿಂದ ಗಾಳಿ ತಾನಾಗಿ ಓಡಾಡುತ್ತಿತ್ತು. ಈಗ ತಾರಸಿ, ಎಸಿ, ಮುಚ್ಚಿದ ಗಾಜಿನ ಕಿಟಕಿ. ಇಟ್ಟಿಗೆಗಿಂತ ನನಗೆ ಅದರದ್ದೇ ಚಿಂತೆ. ನೆಲದ ಬಿರುಕು ಮುಚ್ಚಿಸಿ, ಮಲಗುವ ಕೋಣೆಗೆ ಎದುರುಬದುರು ಕಿಟಕಿ ಇಡಿಸಿ, ಬೆಳಿಗ್ಗೆ ತೆರೆದಿಡಿ.