ಆಟದೊಳಗಿನ ಲೆಕ್ಕ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಹುಣಿಸೆಯ ಸೀಮೆಯಿದು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಿಗೆ ಬೇಕಾದ ಬೀಜವನ್ನು ಇಲ್ಲಿ ಯಾರೂ ಕೊಂಡು ತರಬೇಕಾಗಿಲ್ಲ. ಚೌಕಾಬಾರಕ್ಕಾದರೆ ನಾಲ್ಕು ಕವಡೆಗಳು, ಜಗಲಿಯ ಮೇಲೆ ಬರೆದ ಇಪ್ಪತ್ತೈದು ಮನೆಗಳು, ಅಷ್ಟೇ. ಅಂಗಾತ ಬಿದ್ದ ಕವಡೆ ಎಷ್ಟೋ ಅಷ್ಟು ಮನೆ ನಡೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಮೂರು ಬಿತ್ತೆನ್ನಿ. ಮೂರು ಮನೆಯಾಚೆಯ ಎದುರಾಳಿಯ ಕಾಯನ್ನು ಹೊಡೆಯಬೇಕೆ, ಅಥವಾ ಹಿಂದುಳಿದ ತನ್ನ ಕಾಯನ್ನು ಗುರುತಿನ ಮನೆಗೆ ಸೇರಿಸಿ ಉಳಿಸಿಕೊಳ್ಳಬೇಕೆ? ಹುಡುಗಿ ಕಣ್ಣಿನಲ್ಲೇ ಎಣಿಸುತ್ತಾಳೆ. ಅದನ್ನು ಗಣಿತವೆಂದು ಅವಳಿಗೆ ಯಾರೂ ಹೇಳಿಲ್ಲ, ಹೇಳದಿದ್ದುದೇ ಒಳ್ಳೆಯದಾಯಿತು.

ಈಗ ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಬರುವ ಕಲಿಕೆಯ ಆಟಗಳನ್ನು ನೋಡಿರಿ. ಅವುಗಳಲ್ಲಿ ಹಲವು ಬೆಲ್ಲ ಸವರಿದ ಮಾತ್ರೆಗಳು. ವೀರನು ಓಡುತ್ತಾನೆ, ಹಾರುತ್ತಾನೆ. ಫಕ್ಕನೆ ಬಾಗಿಲೊಂದು ಮುಚ್ಚಿ ಏಳೆಂಟಲ ಎಷ್ಟೆಂದು ಕೇಳುತ್ತದೆ. ಮಗು ಬೆಲ್ಲ ನೆಕ್ಕಿ ಮಾತ್ರೆಯನ್ನು ಉಗುಳುತ್ತದೆ. ತಪ್ಪು ಮಗುವಿನದಲ್ಲ.

ಇಂಗ್ಲೆಂಡಿನ ಜೇಕಬ್ ಹ್ಯಾಬ್‌ಗುಡ್ ಮತ್ತು ಶ್ಯಾರನ್ ಏನ್ಸ್‌ವರ್ತ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಅವರ ‘ಜಾಂಬಿ ಡಿವಿಷನ್’ ಎಂಬ ಆಟದಲ್ಲಿ ಅಸ್ಥಿಪಂಜರಗಳ ಎದೆಯ ಮೇಲೆ ಸಂಖ್ಯೆಗಳಿರುತ್ತವೆ. ಪ್ರತಿಯೊಂದು ಆಯುಧವೂ ಒಂದು ಭಾಜಕ. ಸಂಖ್ಯೆ ನಿಶ್ಶೇಷವಾಗಿ ಭಾಗವಾದರೆ ಮಾತ್ರ ಶತ್ರು ಉರುಳುತ್ತಾನೆ. ಇದೇ ಆಟದ ಮತ್ತೊಂದು ರೂಪದಲ್ಲಿ ಕಾಳಗವೇ ಬೇರೆ, ನಡುನಡುವಿನ ಲೆಕ್ಕವೇ ಬೇರೆ. ಮೊದಲನೆಯದನ್ನು ಆಡಿದ ಮಕ್ಕಳು ಹೆಚ್ಚು ಕಲಿತರು. ಆಯ್ಕೆಯನ್ನು ಮಕ್ಕಳಿಗೇ ಬಿಟ್ಟಾಗ ಅದರಲ್ಲಿ ಏಳು ಪಟ್ಟು ಕಾಲ ಕಳೆದರು.

ನಮ್ಮಲ್ಲಿಯೂ ಪ್ರಯತ್ನ ನಡೆಯದೆ ಇಲ್ಲ. ಆಂಧ್ರದ ಋಷಿವ್ಯಾಲಿಯಿಂದ ಸ್ಫೂರ್ತಿ ಪಡೆದ ‘ನಲಿ-ಕಲಿ’ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ಹಬ್ಬಿತು. ಕಲಿಕೆಯ ಏಣಿಯಲ್ಲಿ ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ತನಗೆ ಬೇಕಾದ ಕಾರ್ಡನ್ನು ತಾನೇ ಎತ್ತಿಕೊಳ್ಳುವ ಮಗುವಿಗೆ ಆಟಗಾರನ ಸ್ವಾತಂತ್ರ್ಯ ಉಂಟು. ಆದರೆ ಎತ್ತಿದ ಕಾರ್ಡು ಅಕ್ಷರ ತಿದ್ದೆಂದಷ್ಟೇ ಹೇಳಿದರೆ ಅದು ವೇಷ ತೊಟ್ಟ ಕಾಪಿಪುಸ್ತಕವೇ ಸರಿ.

ಪಾವಗಡದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ನಿಯಮಗಳನ್ನೆಲ್ಲ ಪುಸ್ತಕದ ಕನ್ನಡದಲ್ಲಿ ಬರೆದಿಟ್ಟ ಆಟ ಅಂಥ ಮಗುವನ್ನು ಹೊಸಲಿನಲ್ಲೇ ನಿಲ್ಲಿಸಿಬಿಡುತ್ತದೆ. ಚೌಕಾಬಾರಕ್ಕೆ ಈ ಕಷ್ಟವಿಲ್ಲ. ಪಕ್ಕದಲ್ಲಿ ಕುಳಿತು ಎರಡು ಸುತ್ತು ನೋಡಿದರೆ ಆಟ ಬಂದಂತೆಯೇ. ಮಗು ಯಾವ ಮಾತಿನಲ್ಲಿ ಎಣಿಸುತ್ತದೆ ಎಂಬುದನ್ನು ಅರಿಯಲು, ಆಟ ಕಟ್ಟುವವರು ಬೆಂಗಳೂರಿನಲ್ಲಿ ಕುಳಿತು ಊಹಿಸುವುದಕ್ಕಿಂತ ಒಮ್ಮೆ ಪಾವಗಡದ ಬಸ್ಸು ಹತ್ತುವುದು ಲೇಸು.