ಸೇನಾ ಕಾರ್ಯಾಚರಣೆಗಳಲ್ಲಿ ಸುರಕ್ಷಿತ ಸಂಚಾರಿ ದೂರವಾಣಿ

ಸಾರ್ವಜನಿಕರು ಬಳಸುವ ಮೊಬೈಲಿನ ಸಾಮಾನ್ಯ ಕರೆಯಲ್ಲಿ ಮಾತು ಉಪಕರಣದಿಂದ ಸೇವಾ ಸಂಸ್ಥೆಯ ಜಾಲದವರೆಗೆ ಮಾತ್ರ ಗೂಢಲಿಪಿಯಲ್ಲಿ ಸಾಗುತ್ತದೆ. ಜಾಲದೊಳಗೆ ಆ ಗೂಢಲಿಪಿಯನ್ನು ಬಿಡಿಸಲಾಗುತ್ತದೆ. ಮಾತನಾಡದಿದ್ದರೂ ಉಪಕರಣವು ಚಾಲನೆಯಲ್ಲಿರುವವರೆಗೆ ಆಗಾಗ್ಗೆ ಟವರಿಗೆ ತನ್ನ ಇರವನ್ನು ತಿಳಿಸುತ್ತಿರುತ್ತದೆ. ಕರೆ ತಲುಪಲು ಇದು ಅವಶ್ಯಕ. ಆದರೆ ರಣರಂಗದಲ್ಲಿ ಇದೇ ಅಪಾಯಕ್ಕೆ ಕಾರಣವಾಗುತ್ತದೆ.

2022ರ ಡಿಸೆಂಬರ್ 31ರ ಮಧ್ಯರಾತ್ರಿಯ ವೇಳೆಗೆ ಮಕೀವ್ಕಾ ಪಟ್ಟಣದಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಉಕ್ರೇನ್ ರಾಕೆಟ್ ದಾಳಿ ನಡೆಸಿತು. ರಷ್ಯಾ ಒಪ್ಪಿಕೊಂಡಂತೆಯೇ 89 ಮಂದಿ ಮೃತಪಟ್ಟರು. ನಿಷೇಧವಿದ್ದರೂ ಸೈನಿಕರು ಮೊಬೈಲ್ ಬಳಸಿದ್ದೇ ಮುಖ್ಯ ಕಾರಣವೆಂದು ಆ ದೇಶದ ರಕ್ಷಣಾ ಸಚಿವಾಲಯವು ತಿಳಿಸಿತು. ಅಷ್ಟು ಜನರನ್ನು ಒಂದೇ ಕಟ್ಟಡದಲ್ಲಿರಿಸಿದ ಅಧಿಕಾರಿಗಳ ಹೊಣೆಯನ್ನು ಮೃತರ ಮೇಲೆ ಹೊರಿಸಲಾಯಿತೆಂಬ ಆಕ್ಷೇಪವೂ ರಷ್ಯಾದಲ್ಲಿಯೇ ಕೇಳಿಬಂದಿತು, ಅದು ನಿರಾಧಾರವೆನ್ನಲಾಗದು.

ಭಾರತೀಯ ಸೇನೆಯು 'ಸಂಭವ್' ಎಂಬ ಸ್ವದೇಶಿ ಸುರಕ್ಷಿತ ದೂರವಾಣಿಯನ್ನು ಬಳಕೆಗೆ ತಂದಿರುತ್ತದೆ. 5ಜಿ ತಂತ್ರಜ್ಞಾನವನ್ನು ಆಧರಿಸಿದ ಇದರಲ್ಲಿ ಗೂಢಲಿಪಿಯ ಹಲವು ಪದರಗಳಿದ್ದು, ಸಂದೇಶ, ಚಿತ್ರ ಹಾಗೂ ಕಡತಗಳ ರವಾನೆಗೆ ವಾಟ್ಸ್‌ಆ್ಯಪ್‌ಗೆ ಬದಲಾಗಿ 'ಎಂ-ಸಿಗ್ಮಾ' ಎಂಬ ತಂತ್ರಾಂಶವನ್ನು ಅಳವಡಿಸಲಾಗಿದೆ. ಸುಮಾರು 30,000 ಉಪಕರಣಗಳನ್ನು ಅಧಿಕಾರಿಗಳಿಗೆ ವಿತರಿಸಿರುವುದಾಗಿ ವರದಿಯಾಗಿದೆ. 2024ರ ಅಕ್ಟೋಬರ್‌ನಲ್ಲಿ ಚೀನಾದೊಡನೆ ನಡೆದ ಗಡಿ ಮಾತುಕತೆಯ ಸಂದರ್ಭದಲ್ಲಿ ಇದನ್ನು ಬಳಸಲಾಯಿತು.

ಇಂತಹ ಉಪಕರಣಗಳಿಗೂ ಮಿತಿಗಳಿವೆ. ರಷ್ಯಾದ 'ಎರಾ' ಎಂಬ ಸುರಕ್ಷಿತ ದೂರವಾಣಿಗೆ 3ಜಿ ಅಥವಾ 4ಜಿ ಜಾಲ ಬೇಕಿತ್ತು. 2022ರ ಮಾರ್ಚ್‌ನಲ್ಲಿ ಖಾರ್ಕಿವ್ ಬಳಿ ಟವರುಗಳೇ ನಾಶವಾಗಿದ್ದುದರಿಂದ ಅದು ಕೆಲಸ ಮಾಡದೆ, ರಷ್ಯಾದ ಅಧಿಕಾರಿಗಳು ಸಾಮಾನ್ಯ ಸಿಮ್ ಮೂಲಕ ಮಾತನಾಡಿದರೆಂದೂ, ಆ ಸಂಭಾಷಣೆಯನ್ನು ಉಕ್ರೇನ್ ಆಲಿಸಿತೆಂದೂ ವರದಿಯಾಯಿತು. ಇದಲ್ಲದೆ, ಗೂಢಲಿಪಿಯು ಮಾತನ್ನು ಮರೆಮಾಡುವುದೇ ಹೊರತು ರೇಡಿಯೋ ಅಲೆ ಹೊರಟ ಸ್ಥಳವನ್ನಲ್ಲ. ಆದುದರಿಂದಲೇ ಕಾರ್ಯಾಚರಣೆಯ ವೇಳೆ ಉಪಕರಣಗಳನ್ನು ಸ್ಥಗಿತಗೊಳಿಸಲು ಆದೇಶಿಸಲಾಗುತ್ತದೆ. ಮನೆಯವರ ಕರೆ ದಿನಗಟ್ಟಲೆ ತಲುಪದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಸೈನಿಕರಿಗೆ ಬರೆಯುವ ಕಾಗದದ ಮೇಲೆ ಊರಿನ ಹೆಸರಿಲ್ಲದೆ '56 ಎ.ಪಿ.ಓ.' ಅಥವಾ '99 ಎ.ಪಿ.ಓ.' ಎಂದಷ್ಟೇ ಇರುವುದೂ ಇದೇ ಬಗೆಯ ಎಚ್ಚರಿಕೆಯಾಗಿದೆ. ಸೈನಿಕರ ಕುಟುಂಬದವರು ಯಾವುದೇ ಸೇವೆಗಾಗಿ ಅರ್ಜಿ ಸಲ್ಲಿಸುವಾಗ ಸೈನಿಕರ ವಿಳಾಸವನ್ನು ಕೇಳಿದಲ್ಲಿ ಇದನ್ನೇ ನಮೂದಿಸುವುದು ಸೂಕ್ತ. ಸೈನಿಕರು ಇರುವ ಠಾಣೆಯ ಹೆಸರು, ಅಲ್ಲಿ ತೆಗೆದ ಭಾವಚಿತ್ರ ಅಥವಾ ರಜೆಯ ಪ್ರಯಾಣದ ವಿವರಗಳನ್ನು ಮೊಬೈಲ್ ಸಂದೇಶದ ಮೂಲಕ ಮಧ್ಯವರ್ತಿಗಳಿಗೆ ಕಳುಹಿಸಬಾರದು.